ಕಬ್ಬಿನ ಲಾರಿ ಮ್ಯಾಪಿನಲ್ಲಿ ಮಾಯ ಆಗುತ್ತೆ, ಯಾಕೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಲಾರಿಗಳಿಗೆಲ್ಲ ಜಿಪಿಎಸ್ ಹಾಕಿಸಿದ್ದೇವೆ. ಮೇಲುಕೋಟೆ ಗುಡ್ಡದ ಹತ್ತಿರ ಗಾಡಿ ಮ್ಯಾಪಿನಲ್ಲಿ ನಿಂತೇ ಬಿಡುತ್ತೆ, ಆಮೇಲೆ ಒಂದೇ ಸಲ ಪಾಂಡವಪುರದಲ್ಲಿ ಕಾಣಿಸುತ್ತೆ. ಉಪಗ್ರಹದ ತೊಂದರೆಯಾ, ಇಲ್ಲ ಡ್ರೈವರ್ ವೈರ್ ಕೀಳ್ತಾನಾ?

ಉತ್ತರ 1: ಉಪಗ್ರಹ ಇರಲಿಕ್ಕಿಲ್ಲ ಗುರು. ಅದರ ಸಿಗ್ನಲ್ ಹಿಡಿದು ಡಿವೈಸ್ ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕುತ್ತೆ ಅಷ್ಟೇ, ನಿಮಗೆ ಕಳಿಸೋದು ಒಳಗಿನ ಸಿಮ್. ಟವರ್ ಸಿಗದಿದ್ದರೆ ಒಳ್ಳೆ ಡಿವೈಸ್ ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತೆ. ಸಂಜೆ ಆ ದಿನದ ದಾರಿ ತೆಗೆದು ನೋಡಿ. ಗೆರೆ ರಸ್ತೆಯ ತಿರುವುಗಳಲ್ಲೇ ಬಂದಿದ್ದರೆ ಬರೀ ನೆಟ್‌ವರ್ಕ್ ಸಮಸ್ಯೆ. ಗದ್ದೆ ಮೇಲೆ ಸೀದಾ ಹಾದಿದ್ದರೆ ಮಧ್ಯದ ದಾರಿ ದಾಖಲೇ ಆಗಿಲ್ಲ ಅಂತ.

ಉತ್ತರ 2: ಸುಮ್ನೆ ಡ್ರೈವರನ್ನ ಬೈಬೇಡಿ ಸಾರ್. ಏಐಎಸ್ 140 (ಗಾಡಿ ಟ್ರ್ಯಾಕ್ ಮಾಡೋ ಡಿವೈಸ್‌ಗೆ ಇರೋ ಭಾರತದ ಮಾನದಂಡ) ಡಿವೈಸ್ ಆದರೆ ಒಳಗೇ ಬ್ಯಾಟರಿ ಇರುತ್ತೆ, ವೈರ್ ಕಿತ್ತರೆ ಅಲರ್ಟ್ ಬರುತ್ತೆ. ಅಗ್ಗದ್ದು ಹಾಕಿಸಿದ್ದೀರಾ?

ಪ್ರಶ್ನೆ ಕೇಳಿದವರು: ಹೌದು, ಅಗ್ಗದ್ದೇ 😅