ಮುಖವೂ ಚೆನ್ನಾಗಿರಬೇಕು, ಒಡವೆಯೂ ಹೊಳೆಯಬೇಕು: ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಪೋರ್ಟ್ರೇಟ್ ತೆಗೆಯುತ್ತಿದ್ದೇನೆ. ಒಡವೆಯ ಕೆಲಸ ಸಿಕ್ಕಿರುವುದು ಇದೇ ಮೊದಲು. ಮಾಡೆಲ್ ಕೊರಳಲ್ಲಿ ಚಿನ್ನದ ಸರ, ಕಿವಿಯಲ್ಲಿ ವಜ್ರದ ಓಲೆ. ದೊಡ್ಡ ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆಯಿಂದ ಬೆಳಕನ್ನು ಮೆದು ಮಾಡುವ ಪೆಟ್ಟಿಗೆ) ಹಾಕಿದರೆ ಮುಖ ಚೆಂದ ಬರುತ್ತದೆ, ವಜ್ರ ಮಾತ್ರ ಗಾಜಿನ ಚೂರಿನ ಹಾಗೆ ಸಪ್ಪೆ. ಬರೀ ಫ್ಲ್ಯಾಶ್ ಹೊಡೆದರೆ ವಜ್ರ ಮಿಂಚುತ್ತದೆ, ಆದರೆ ಮುಖಕ್ಕೆ ಎಣ್ಣೆ ಸವರಿದ ಹಾಗೆ ಕಾಣುತ್ತದೆ, ಚಿನ್ನದಲ್ಲಿ ಕಪ್ಪು ಪಟ್ಟೆಗಳು. ಏನು ಮಾಡಲಿ?

ಉತ್ತರ: ನೀವು ನೋಡಿದ್ದು ಸರಿಯಾಗಿಯೇ ಇದೆ. ಚರ್ಮ, ಚಿನ್ನ, ವಜ್ರ ಮೂರಕ್ಕೂ ಬೇಕಾದ ಬೆಳಕು ಬೇರೆ ಬೇರೆ. ಒಂದೇ ಲೈಟಿನಲ್ಲಿ ಮೂರನ್ನೂ ಒಲಿಸಲು ಹೋದರೆ ಯಾವುದಾದರೂ ಒಂದು ಮುನಿಸಿಕೊಳ್ಳುತ್ತದೆ.

ಚರ್ಮಕ್ಕೆ ಸಾಫ್ಟ್‌ಬಾಕ್ಸ್ ಇರಲಿ, ಮುಖಕ್ಕೆ ಹತ್ತಿರ, ಸುಮಾರು 45 ಡಿಗ್ರಿಯಲ್ಲಿ. ಇನ್ನು ಚಿನ್ನ. ಅದು ಕನ್ನಡಿ ಇದ್ದ ಹಾಗೆ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ನಿಮ್ಮ ಕಪ್ಪು ಪಟ್ಟೆಗಳು ಬೇರೇನೂ ಅಲ್ಲ, ಕತ್ತಲೆ ಕೋಣೆಯ ಪ್ರತಿಬಿಂಬ. ಅದರಲ್ಲಿ ಒಂದು ಪಟ್ಟೆ ನೀವೇ. ಹಾಗಾಗಿ ಚಿನ್ನಕ್ಕೆ ಜಾಸ್ತಿ ಲೈಟ್ ಹೊಡೆಯುವುದಲ್ಲ, ಅದು ನೋಡುವ ಜಾಗದಲ್ಲಿ ಬಿಳಿ ಇಡಬೇಕು. ಮಾಡೆಲ್ ಎದೆಯ ಮಟ್ಟದಲ್ಲಿ ಒಂದು ಬಿಳಿ ಫೋಮ್ ಬೋರ್ಡ್, ಪಕ್ಕದಲ್ಲಿ ಇನ್ನೊಂದು. ಎಲ್ಲವೂ ಬಿಳಿಯಾದರೆ ಚಿನ್ನ ಚಪ್ಪಟೆಯಾಗಿ ಹಿತ್ತಾಳೆ ತಗಡಿನ ಹಾಗೆ ಬರುತ್ತದೆ. ಆಗ ಬೋರ್ಡಿನ ಒಂದು ಅಂಚಿಗೆ ಎರಡು ಬೆರಳಗಲದ ಕಪ್ಪು ಕಾಗದ ಅಂಟಿಸಿ. ಸರದ ಅಂಚುಗಳು ತಕ್ಷಣ ಎದ್ದು ನಿಲ್ಲುತ್ತವೆ. ಮೊದಲು ಬೇಡವಾಗಿದ್ದ ಕಪ್ಪನ್ನು ಈಗ ಬೇಕಾದ ಕಡೆ ನಾವೇ ಇಡುತ್ತಿದ್ದೇವೆ, ಅಷ್ಟೇ.

ವಜ್ರದ ಕಥೆ ಬೇರೆ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ವಜ್ರದ್ದು 2.42. ಹೀಗಾಗಿ ಒಳಗೆ ಹೋದ ಬೆಳಕು ಸುಲಭವಾಗಿ ಹೊರಗೆ ಬರುವುದಿಲ್ಲ. ಒಳಮುಖಕ್ಕೆ 24 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಓರೆಯಾಗಿ ಬಡಿದರೂ ಸಾಕು, ಅಲ್ಲೇ ಪುಟಿದು ಪುಟಿದು ಕೊನೆಗೆ ಮುಂದಿನಿಂದ ವಾಪಸ್ ಬರುತ್ತದೆ. ದೊಡ್ಡ ಮೆದು ಬೆಳಕು ಕೊಟ್ಟರೆ ವಜ್ರದ ಎಲ್ಲ ಮುಖಗಳೂ ಒಂದೇ ಸಮ ಬೆಳ್ಳಗಾಗಿ ಆ ಆಟವೇ ಕಾಣುವುದಿಲ್ಲ. ಚಿಕ್ಕದಾದ, ಗಟ್ಟಿಯಾದ ಬೆಳಕು ಬೇಕು. ಎರಡನೇ ಫ್ಲ್ಯಾಶಿಗೆ ಸ್ನೂಟ್ (ಬೆಳಕನ್ನು ಕಿರಿದು ಮಾಡುವ ಕೊಳವೆ) ಹಾಕಿ ಕಿವಿಗೆ ಮಾತ್ರ ಬೀಳುವಂತೆ ತಿರುಗಿಸಿ. ಕೆನ್ನೆಗೆ ತಾಗಬಾರದು.

ಎಲ್ಲಿ ಇಡಬೇಕು ಅನ್ನುವುದಕ್ಕೆ ನಾನು ಮಾಡುವುದು ಇಷ್ಟು. ಲೆನ್ಸಿನ ಪಕ್ಕಕ್ಕೆ ನನ್ನ ಕಣ್ಣು ತಂದು, ಒಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ಸಹಾಯಕರು ಚಿಕ್ಕ ಟಾರ್ಚ್ ಹಿಡಿದು ಮಾಡೆಲ್ ತಲೆಯ ಸುತ್ತ ನಿಧಾನಕ್ಕೆ ಸುತ್ತುತ್ತಾರೆ. ಒಂದು ಜಾಗದಲ್ಲಿ ಕಲ್ಲು ಪಕ್ಕನೆ ಎಚ್ಚರವಾಗುತ್ತದೆ, ಒಳಗೆ ನೀಲಿ, ಕಿತ್ತಳೆ ಕಿಡಿ ಕಾಣುತ್ತದೆ. ಟಾರ್ಚ್ ಇದ್ದ ಆ ಜಾಗಕ್ಕೇ ಸ್ನೂಟ್ ಬರಬೇಕು.

ಪ್ರಶ್ನೆ: ಚರ್ಮದ ಜಿಡ್ಡು ಹೊಳಪಿಗೆ ಲೈಟಿಗೂ ಲೆನ್ಸಿಗೂ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ ಅಂತ ಒಬ್ಬರು ಹೇಳಿದರು. ಸರೀನಾ?

ಉತ್ತರ: ಚರ್ಮಕ್ಕೆ ಸರಿ, ಒಡವೆಗೆ ಬೇಡ. ಎರಡು ಫಿಲ್ಟರ್ ಅಡ್ಡಡ್ಡ ಇಟ್ಟರೆ ಚರ್ಮದ ಹೊಳಪು ಮಾಯವಾಗುತ್ತದೆ, ನಿಜ. ಆದರೆ ಲೋಹದಿಂದ ಪುಟಿದ ಬೆಳಕು ಪೋಲರೈಸ್ ಆಗಿಯೇ ಬರುವುದರಿಂದ ಅದೂ ಅಲ್ಲೇ ನಿಂತುಬಿಡುತ್ತದೆ. ಚಿನ್ನ ಕಪ್ಪಿಟ್ಟು ಜೀವ ಕಳೆದುಕೊಳ್ಳುತ್ತದೆ. ಟಿಶ್ಯೂ ಕಾಗದದಿಂದ ಮುಖ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅಷ್ಟು ಸಾಕು.

ಪ್ರಶ್ನೆ: 100 ಎಂಎಂ ಲೆನ್ಸ್, ಎಫ್/4. ಕಣ್ಣು ಶಾರ್ಪ್ ಇದ್ದರೆ ಓಲೆ ಮಸುಕು, ಓಲೆ ಶಾರ್ಪ್ ಇದ್ದರೆ ಕಣ್ಣು ಮಸುಕು.

ಉತ್ತರ: ಎಫ್/11ಕ್ಕೆ ಹೋಗಿ, ಲೆನ್ಸಿನ ಕಿಂಡಿ ಚಿಕ್ಕದಾದಷ್ಟೂ ಹೆಚ್ಚು ಆಳದವರೆಗೆ ಶಾರ್ಪ್ ಬರುತ್ತದೆ. ಎಫ್/16 ದಾಟಬೇಡಿ, ಕಿಂಡಿ ತೀರಾ ಚಿಕ್ಕದಾಗಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆಗಲೂ ಸಾಲದಿದ್ದರೆ ಟ್ರೈಪಾಡ್ ಮೇಲೆ ಎರಡು ಫ್ರೇಮ್: ಒಂದು ಕಣ್ಣಿಗೆ, ಒಂದು ಓಲೆಗೆ. ಮಾಡೆಲ್ ಉಸಿರು ಬಿಟ್ಟು ನಿಂತ ಕ್ಷಣದಲ್ಲಿ ಒಂದರ ಹಿಂದೆ ಒಂದು ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಲೇಯರ್ ಆಗಿ ಅಲೈನ್ ಮಾಡಿ, ಮಸುಕಾದ ಭಾಗಕ್ಕೆ ಮಾಸ್ಕ್ ಹಾಕಿ ಮರೆಮಾಡಿದರೆ ಆಯಿತು.

ಪ್ರಶ್ನೆ: ನಾನು ರೀಟಚಿಂಗ್ ಮಾತ್ರ ಮಾಡುತ್ತೇನೆ. ಫ್ರೀಕ್ವೆನ್ಸಿ ಸೆಪರೇಶನ್ (ಬಣ್ಣ ಒಂದು ಲೇಯರ್, ಚರ್ಮದ ಸೂಕ್ಷ್ಮ ವಿವರ ಇನ್ನೊಂದು ಲೇಯರ್ ಅಂತ ಬೇರ್ಪಡಿಸುವುದು) ಮಾಡಿದ ಮೇಲೆ ಸರದ ಸುತ್ತ ಚರ್ಮದ ಮೇಲೆ ಹಳದಿ ಮಂಜು ಬರುತ್ತದೆ. ಹೀಲಿಂಗ್ ಬ್ರಶ್ ಹಾಕಿದರೆ ಇನ್ನೂ ಹರಡುತ್ತದೆ.

ಉತ್ತರ: ಈ ತಪ್ಪನ್ನು ಎಷ್ಟು ಕಡೆ ನೋಡುತ್ತೇನೆಂದರೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೆಳಗಿನ ಲೇಯರ್ ಅಂದರೆ ಮಸುಕು ಮಾಡಿದ ಬಣ್ಣ, ಅಲ್ವಾ? ಆ ಮಸುಕಿಗೆ ಯಾವುದು ಚರ್ಮ, ಯಾವುದು ಚಿನ್ನ ಅಂತ ಗೊತ್ತಿಲ್ಲ. ಎರಡನ್ನೂ ಕಲಸಿಬಿಡುತ್ತದೆ. ನೀವು ಆ ಲೇಯರ್ ಮೇಲೆ ಕೈ ಆಡಿಸಿದಾಗ ಕಲಸಿದ ಹಳದಿ ಹೊರಗೆ ಬರುತ್ತದೆ. ಹೀಲಿಂಗ್ ಬ್ರಶ್ ಕೂಡ ಸುತ್ತಲಿನ ಬಣ್ಣ ಎಳೆದುಕೊಂಡು ಹೊಂದಿಸುವ ಸಾಧನ. ಲೋಹದ ಅಂಚಿನ ಹತ್ತಿರ ಹೋದರೆ ಚಿನ್ನವನ್ನೇ ಎಳೆದು ತರುತ್ತದೆ.

ಹಾಗಾಗಿ ಬೇರೆ ಯಾವ ಕೆಲಸಕ್ಕೂ ಮೊದಲು ಪೆನ್ ಟೂಲ್ ಹಿಡಿದು ಒಡವೆಯ ಅಂಚಿನ ಗುಂಟ ಪಾತ್ (ಗೆರೆ) ಎಳೆಯಿರಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಸಣ್ಣ ಕೊಂಡಿಗಳ ಸರವಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಆದರೆ ಆ ಪಾತ್ ಕೊನೆಯವರೆಗೂ ಕೈ ಹಿಡಿಯುತ್ತದೆ. ಸೆಲೆಕ್ಷನ್‌ಗೆ ಅಂಚು ಮೆದುವಾಗಲು ಅರ್ಧ ಪಿಕ್ಸೆಲ್ ಫೆದರ್ ಕೊಟ್ಟು, ಒಡವೆ ಒಂದು ಗುಂಪು, ಚರ್ಮ ಇನ್ನೊಂದು ಗುಂಪು ಮಾಡಿಕೊಳ್ಳಿ. ಅಂಚಿಗೆ ತಾಗಿದ ಚರ್ಮದ ಮೇಲೆ ಆರಿಸಿದ ಜಾಗವನ್ನು ಇದ್ದ ಹಾಗೇ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್ ಬಳಸಿ, ಹೀಲಿಂಗ್ ಬೇಡ. ಉಳಿದ ಚರ್ಮಕ್ಕೆ ನಾನು ಡಾಡ್ಜ್ ಆಂಡ್ ಬರ್ನ್ (ಚಿಕ್ಕ ಚಿಕ್ಕ ಜಾಗವನ್ನು ತಿಳಿ ಇಲ್ಲವೇ ಗಾಢ ಮಾಡುವುದು) ಅನ್ನೇ ನಂಬುತ್ತೇನೆ. ರಂಧ್ರಗಳು ಉಳಿಯುತ್ತವೆ. ನುಣ್ಣಗೆ ಮಾಡಿದ ಮೇಣದ ಕೊರಳಿನ ಮೇಲೆ ಎಂಥ ಒಳ್ಳೆಯ ಸರವೂ ನಕಲಿಯಾಗಿ ಕಾಣುತ್ತದೆ.

ಒಂದು ಮಾತು ಮರೆಯಬೇಡಿ. ಸರದ ಕೆಳಗೆ ಚರ್ಮದ ಮೇಲೆ ಕೂದಲೆಳೆಯಷ್ಟು ತೆಳುವಾದ ನೆರಳಿರುತ್ತದೆ. ಅದನ್ನು ಕಲೆ ಅಂದುಕೊಂಡು ಅಳಿಸುವವರಿದ್ದಾರೆ. ಅದು ಹೋದರೆ ಸರ ಕೊರಳಿಗೆ ಅಂಟಿಸಿದ ಸ್ಟಿಕ್ಕರ್ ಆಗುತ್ತದೆ.

ಚಿನ್ನದಲ್ಲಿ ಧೂಳು, ಗೀರು ತೆಗೆಯಿರಿ. ಕಪ್ಪು ಭಾಗಗಳನ್ನು ತಿಳಿ ಮಾಡಬೇಡಿ, ಚಿನ್ನ ಚಿನ್ನವಾಗಿ ಕಾಣುವುದೇ ಕಪ್ಪು ಬಿಳುಪಿನ ಜಗಳದಿಂದ. ಶಾರ್ಪನಿಂಗ್ ಒಡವೆಯ ಗುಂಪಿಗೆ ಮಾತ್ರ.

ಪ್ರಶ್ನೆ: ಗ್ರಾಹಕರು ಹರಳು ಸ್ವಲ್ಪ ದೊಡ್ಡದು ಮಾಡಿ, ಬಣ್ಣ ಗಾಢ ಮಾಡಿ ಅನ್ನುತ್ತಾರೆ.

ಉತ್ತರ: ನಾನು ಮಾಡುವುದಿಲ್ಲ. ಧೂಳು ಒರೆಸುವುದು ಬೇರೆ, ಇಲ್ಲದ್ದನ್ನು ತೋರಿಸುವುದು ಬೇರೆ. ಚಿತ್ರ ನೋಡಿ ದುಡ್ಡು ಕೊಟ್ಟವರ ಕೈಗೆ ಬರುವುದು ನಿಜವಾದ ಹರಳು ತಾನೇ. ಬಣ್ಣ ಸರಿ ಬರಲು ಮೊದಲ ಫ್ರೇಮಿನಲ್ಲೇ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡ್) ಹಿಡಿಸಿ, ಎಡಿಟ್ ಮಾಡುವಾಗ ಒಡವೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಹೋಲಿಸಿ.

ಪ್ರಶ್ನೆ: ಶೂಟ್‌ಗೆ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ: ಬಟ್ಟೆಯ ಬಣ್ಣ, ಎಲ್ಲಕ್ಕಿಂತ ಮೊದಲು. ಶುರುವಿನಲ್ಲಿ ಒಂದು ಸಲ ಮಾಡೆಲ್‌ಗೆ ಕಡು ಕೆಂಪು ಬಟ್ಟೆ ಹಾಕಿಸಿ ಇಡೀ ದಿನ ಶೂಟ್ ಮಾಡಿದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಸರದ ಪ್ರತಿ ಗುಂಡಿನ ಕೆಳಭಾಗ ಕೆಂಪು. ಒಂದೊಂದೇ ಗುಂಡು ಸರಿ ಮಾಡುತ್ತಾ ಮೂರು ದಿನ ಕೂತೆ. ಅವತ್ತಿನಿಂದ ಬಿಳಿ, ಬೂದು, ಕಪ್ಪು, ಇಲ್ಲವೇ ಮೈಬಣ್ಣದ್ದು.

ಬಿಗಿ ಪಟ್ಟಿ ಇರುವ ಬಟ್ಟೆ ಬೇಡ, ಚರ್ಮದ ಮೇಲೆ ಗುರುತು ಬೀಳುತ್ತದೆ. ಸುಮ್ನೆ ನೋಡೋಣ ಅಂತ ಒಡವೆಯನ್ನು ಬೆಳಗ್ಗೆಯೇ ಹಾಕಿಸಬೇಡಿ, ಕ್ಯಾಮೆರಾ ಸಿದ್ಧವಾದ ಮೇಲೆ ಹಾಕಿಸಿ. ಹತ್ತಿಯ ಕೈಗವಸು ಇಲ್ಲದೆ ಮುಟ್ಟಬೇಡಿ. ಉಂಗುರವಾದರೆ ಮಾಡೆಲ್ ಒಂದು ನಿಮಿಷ ಕೈ ಮೇಲೆತ್ತಿ ಹಿಡಿಯಲಿ, ಉಬ್ಬಿದ ನರಗಳು ಇಳಿಯುತ್ತವೆ.

ಮೊದಲು ಕೇಳಿದವರು: ಮೇಡಂ, ಟಾರ್ಚ್ ಹಿಡಿದು ನೋಡಿದೆ. ಎಡಗಿವಿಯ ಓಲೆ ನೀವು ಹೇಳಿದ ಹಾಗೇ ಮಿಂಚಿತು! ಬಲಗಿವಿಯದು ಮಾತ್ರ ಎಲ್ಲಿ ಹಿಡಿದರೂ ಸಪ್ಪೆ.

ಉತ್ತರ: ಬಹಳ ಖುಷಿಯಾಯಿತು. ಬಲಗಿವಿಯ ಓಲೆ ಭಾರಕ್ಕೆ ಬಾಗಿ ನೆಲ ನೋಡುತ್ತಿರಬೇಕು, ಪಕ್ಕದಿಂದ ನೋಡಿ. ಹಾಲೆಯ ಹಿಂದೆ ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಕ್ಕ ಬಿಲ್ಲೆ ಸೇರಿಸಿ ತಿರುಪು ಹಾಕಿಸಿ. ಓಲೆ ನೆಟ್ಟಗಾದ ಮೇಲೆ ಟಾರ್ಚ್ ಮತ್ತೆ ಮೊದಲಿನಿಂದ ಸುತ್ತಿಸಿ.