ಆಕಳಿಕೆ ಬರುವುದು ಆಮ್ಲಜನಕ ಸಾಲದೆಯೇ?

ಪ್ರಶ್ನೆ: ಡಾಕ್ಟರೇ, ನಾನು ಪ್ರೌಢಶಾಲೆಯ ಶಿಕ್ಷಕ. ಬಿಸಿಯೂಟದ ನಂತರದ ತರಗತಿಯಲ್ಲಿ ಒಬ್ಬ ಆಕಳಿಸಿದರೆ ಸಾಕು, ಇಡೀ ಸಾಲೇ ಬಾಯಿ ತೆರೆಯುತ್ತದೆ. ಕೊನೆಗೆ ನನ್ನ ಸರದಿ. ಕೋಣೆಯಲ್ಲಿ ಆಮ್ಲಜನಕ ಸಾಲುತ್ತಿಲ್ಲ, ಕಿಟಕಿ ತೆರೆಯಿರಿ ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಇದು ನಿಜವೇ? ಆಕಳಿಸಿದಾಗ ಕಣ್ಣಲ್ಲಿ ನೀರು ಬರುವುದು, ಕಿವಿ ಮಂದವಾಗುವುದು ಏಕೆ?

ವೈದ್ಯರ ಉತ್ತರ: ಕಿಟಕಿ ಧಾರಾಳವಾಗಿ ತೆರೆಯಿರಿ ಮೇಷ್ಟ್ರೇ, ಸೆಕೆಯಾದರೂ ಕಡಿಮೆಯಾದೀತು. ಆಮ್ಲಜನಕದ ಕಥೆ ಮಾತ್ರ ನಿಲ್ಲುವುದಿಲ್ಲ. 1987ರಲ್ಲಿ ಅಮೆರಿಕದ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಒಮ್ಮೆ ಶುದ್ಧ ಆಮ್ಲಜನಕವನ್ನೂ ಇನ್ನೊಮ್ಮೆ ಶೇ. 5ರವರೆಗೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನೂ ಕೊಟ್ಟು ನೋಡಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಉಸಿರಾಟ ಚುರುಕಾಯಿತು. ಆಕಳಿಕೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಷ್ಟೇಕೆ, ಗಾಳಿಯ ಸಂಪರ್ಕವೇ ಇಲ್ಲದ ಗರ್ಭದ ಶಿಶುವೂ ಆಕಳಿಸುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ.

ಮಿದುಳು ಎಚ್ಚರದಿಂದ ಮಂಪರಿಗೆ ಅಥವಾ ನಿದ್ದೆಯಿಂದ ಎಚ್ಚರಕ್ಕೆ ಮಗ್ಗುಲು ಬದಲಿಸುವ ಹೊತ್ತಿನಲ್ಲೇ ಆಕಳಿಕೆ ಹೆಚ್ಚು. ಮಿದುಳನ್ನು ತಂಪಾಗಿಸುವುದೇ ಅದರ ಕೆಲಸ ಎಂಬ ವಾದವೂ ಇದೆ. ಹಣೆಗೆ ತಣ್ಣನೆಯ ಪಟ್ಟಿ ಇಟ್ಟುಕೊಂಡವರಿಗೆ ಬೇರೆಯವರ ಆಕಳಿಕೆ ಅಷ್ಟಾಗಿ ಅಂಟಲಿಲ್ಲ ಎಂದು 2007ರ ಪ್ರಯೋಗವೊಂದು ತೋರಿಸಿತು. ವಾದ ಸೊಗಸಾಗಿದೆ, ಆದರೆ ನಾನಿನ್ನೂ ಪೂರ್ತಿ ಒಪ್ಪಿಲ್ಲ.

ಇನ್ನು ಕಣ್ಣು, ಕಿವಿ. ಒಂದು ಆಕಳಿಕೆ ಸುಮಾರು ಆರು ಸೆಕೆಂಡು. ಆಗ ಮುಖದ ಸ್ನಾಯುಗಳು ಬಿಗಿದು ಕಣ್ಣೀರಿನ ಗ್ರಂಥಿಯನ್ನು ಒತ್ತುತ್ತವೆ, ನೀರು ಜಿನುಗುತ್ತದೆ. ಕಿವಿಯೊಳಗಿನ ಪುಟ್ಟ ಸ್ನಾಯುವೊಂದು ತಮಟೆಯನ್ನು ಬಿಗಿಗೊಳಿಸುವುದರಿಂದ ಎದುರಿನವರ ಮಾತು ಕ್ಷಣಕಾಲ ದೂರವಾದಂತೆ ಕೇಳುತ್ತದೆ. ಗಂಟಲಿನಿಂದ ನಡುಗಿವಿಗೆ ಹೋಗುವ ನಾಳವೂ ಆಗಲೇ ತೆರೆದುಕೊಳ್ಳುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಕಟ್ಟಿದ ಕಿವಿ ಒಂದು ಆಕಳಿಕೆಗೆ ಟಪ್ ಎಂದು ಬಿಡುವುದು ಇದರಿಂದಲೇ.

ಅಂಟುವ ಗುಣ ಮಕ್ಕಳಿಗೆ ನಾಲ್ಕೈದು ವರ್ಷದ ಹೊತ್ತಿಗೆ ಬರುತ್ತದೆ. ಆಮೇಲೆ ನೋಡಲೇಬೇಕೆಂದಿಲ್ಲ, ಓದಿದರೂ ಸಾಕು.

ಮತ್ತೊಬ್ಬರು: ಓದುತ್ತಲೇ ಮೂರು ಬಾರಿ ಬಂತು! ಮಗುವಿಗೆ ದೃಷ್ಟಿ ತೆಗೆಯುವಾಗ ನಮ್ಮ ಅತ್ತೆಗೆ ಆಕಳಿಕೆ ನಿಲ್ಲುವುದೇ ಇಲ್ಲ. ದೃಷ್ಟಿ ಜೋರಾಗಿದೆ ಎನ್ನುತ್ತಾರೆ.

ವೈದ್ಯರು: ಮುಸ್ಸಂಜೆ, ದಣಿದ ಮೈ, ಮಡಿಲಲ್ಲಿ ನಿದ್ದೆಗಣ್ಣಿನ ಮಗು, ಜೊತೆಗೆ ಆಕಳಿಕೆ ಬಂದೇ ಬರುತ್ತದೆಂಬ ನಿರೀಕ್ಷೆ. ಇಷ್ಟಿದ್ದರೆ ನನಗೂ ನಿಲ್ಲುವುದಿಲ್ಲ. ಅತ್ತೆಯವರೊಡನೆ ವಾದಕ್ಕಿಳಿಯಬೇಡಿ.

ಇನ್ನೊಬ್ಬರು: ತಂದೆಯವರು ಖಿನ್ನತೆಗೆ ಹೊಸ ಮಾತ್ರೆ ಶುರು ಮಾಡಿದ್ದಾರೆ. ರಾತ್ರಿ ನಿದ್ದೆ ಚೆನ್ನಾಗಿದೆ, ಆದರೂ ಹಗಲೆಲ್ಲ ಆಕಳಿಕೆ.

ವೈದ್ಯರು: ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಕೆಲವು ಮಾತ್ರೆಗಳಿಂದ ಹೀಗಾಗುವುದುಂಟು. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಗೊರಕೆ ಜೋರಾಗಿದ್ದು ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದನ್ನೂ ಹೇಳಿ. ಆಕಳಿಕೆಯ ಜೊತೆ ಬೆವರು, ಕಣ್ಣುಕತ್ತಲೆ ಬಂದರೆ ತಕ್ಷಣ ಮಲಗಿಸಿ, ಕಾಲುಗಳನ್ನು ಎತ್ತರಿಸಿ. ಅದು ತಲೆಸುತ್ತಿ ಬೀಳುವ ಮುನ್ಸೂಚನೆ ಆಗಿರಬಹುದು.