ಹದಿನೇಳನೇ ಶತಮಾನದ ಇಂಗ್ಲಿಷ್ ಪೂರ್ವಜರ ಹುಡುಕಾಟ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ಪತಿಯ ಮನೆತನ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ್ದು. ಮಕ್ಕಳಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಬರೆಯುತ್ತಿದ್ದೇನೆ. ಅವರ ಕಡೆಯದು 1660ರವರೆಗೆ ಸಲೀಸಾಗಿ ಸಿಕ್ಕಿತು. ಅದರ ಹಿಂದಿನ ತಲೆಮಾರಿನ ಸುಳಿವೇ ಇಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1: ನೀವು 1660ಕ್ಕೇ ಬಂದು ನಿಂತಿರುವುದು ಆಕಸ್ಮಿಕವಲ್ಲ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿಯೊಂದು ಪ್ಯಾರಿಷ್ ಚರ್ಚೂ ಬರೆದಿಡಬೇಕೆಂದು ಥಾಮಸ್ ಕ್ರಾಮ್‌ವೆಲ್ 1538ರಲ್ಲೇ ಆಜ್ಞೆ ಹೊರಡಿಸಿದ್ದರೂ, 1642ರ ಅಂತರ್ಯುದ್ಧದಿಂದ ಹಿಡಿದು 1660ರಲ್ಲಿ ರಾಜಪ್ರಭುತ್ವ ಮರಳುವವರೆಗೆ ಎಷ್ಟೋ ಊರುಗಳ ಪುಸ್ತಕಗಳಲ್ಲಿ ನಮೂದುಗಳು ತಪ್ಪಿಹೋಗಿವೆ. ಈ ಕಂದಕವನ್ನು ದಾಟಲು 1641–42ರ ಪ್ರತಿಜ್ಞಾ ಪಟ್ಟಿಗಳನ್ನು ನೋಡಿ. ಹದಿನೆಂಟು ತುಂಬಿದ ಗಂಡಸರೆಲ್ಲರೂ ಪ್ರಾಟೆಸ್ಟಂಟ್ ಧರ್ಮಕ್ಕೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಬೇಕಾಗಿದ್ದ ಕಾಲವದು. ಡೆವನ್ನಿನ ಪಟ್ಟಿಗಳು ಬಹಳಷ್ಟು ಉಳಿದಿವೆ. ಮನೆತನದ ಹೆಸರು ಯಾವ ಊರಿನಲ್ಲಿತ್ತೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ನಾನು ಎಡವಿದ್ದು ತಾರೀಖಿನಲ್ಲಿ. ಒಂದು ದಂಪತಿಯ ಮದುವೆ 1638ರ ಮೇ ತಿಂಗಳಲ್ಲಿ, ಮಗುವಿನ ದೀಕ್ಷಾಸ್ನಾನ 1638ರ ಫೆಬ್ರವರಿಯಲ್ಲಿ ಎಂದಿತ್ತು. ಮದುವೆಗೆ ಮುಂಚೆ ಹುಟ್ಟಿದ ಮಗು ಬೇರೆ ಯಾರದೋ ಇರಬೇಕೆಂದು ಅದನ್ನು ಹೊಡೆದುಹಾಕಿ ಎರಡು ತಿಂಗಳು ಅಲೆದೆ. ನಮ್ಮ ಯುಗಾದಿಯ ಹಾಗೆ ಅವರ ವರ್ಷವೂ ಆಗ ಮಾರ್ಚಿನಲ್ಲಿ, ಅಂದರೆ 25ನೇ ತಾರೀಖಿನಂದು ಆರಂಭವಾಗುತ್ತಿತ್ತು. ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ. ಹಾಗಾಗಿ ಆ ಫೆಬ್ರವರಿ ಬಂದದ್ದು ಮೇ ತಿಂಗಳಾದ ಮೇಲೆ, ಸರಿಯಾಗಿ ಒಂಬತ್ತು ತಿಂಗಳಿಗೆ.

ಉತ್ತರ 2: ಉಯಿಲುಗಳನ್ನು ಬಿಡಬೇಡಿ. ಚರ್ಚಿನ ಪುಸ್ತಕದಲ್ಲಿ ಹೆಸರು ಮತ್ತು ತಾರೀಖು ಮಾತ್ರ ಸಿಗುತ್ತವೆ. ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಹೇಳುವುದು ಉಯಿಲು. ಎಕ್ಸಿಟರ್‌ನಲ್ಲಿದ್ದ ಡೆವನ್ನಿನ ಹಳೆಯ ಉಯಿಲುಗಳು 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು ಎಂಬುದು ನಿಜವಾದರೂ ನಿರಾಶರಾಗಬೇಕಿಲ್ಲ. 1653ರಿಂದ 1660ರವರೆಗೆ ಚರ್ಚ್ ನ್ಯಾಯಾಲಯಗಳು ಮುಚ್ಚಿದ್ದು, ಎಲ್ಲ ಊರಿನ ಉಯಿಲುಗಳೂ ಲಂಡನ್ನಿನ ಒಂದೇ ನ್ಯಾಯಾಲಯದಲ್ಲಿ ದೃಢೀಕರಣಗೊಂಡಿದ್ದರಿಂದ, ನಿಮಗೆ ಬೇಕಾದ ವರ್ಷಗಳವು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಸುರಕ್ಷಿತವಾಗಿವೆ.

ಸೆಕ್ರೆಟರಿ ಹ್ಯಾಂಡ್ ಎಂಬ ಅಂದಿನ ಕೈಬರಹ ಮೊದಲ ನೋಟಕ್ಕೆ ಮೋಡಿ ಲಿಪಿಯ ಕಡತದಷ್ಟೇ ಕಂಗೆಡಿಸುತ್ತದೆ. ಆದರೆ ನಮ್ಮ ಶಾಸನಗಳು ‘ಸ್ವಸ್ತಿ ಶ್ರೀ’ ಎಂದು ತೊಡಗುವ ಹಾಗೆ ಆ ಉಯಿಲುಗಳಲ್ಲಿ ಹೆಚ್ಚಿನವು ‘ಇನ್ ದ ನೇಮ್ ಆಫ್ ಗಾಡ್, ಆಮೆನ್’ ಎಂದೇ ತೊಡಗುತ್ತವೆ. ಗೊತ್ತಿರುವ ಆ ಸಾಲಿನಿಂದ ಅಕ್ಷರಗಳನ್ನು ಗುರುತು ಮಾಡಿಕೊಂಡು ಮುಂದಕ್ಕೆ ಓದಿ. ಇನ್ನೊಂದು ಎಚ್ಚರ: ‘ಸನ್ ಇನ್ ಲಾ’ ಎಂದರೆ ಆಗ ಮಲಮಗನೂ ಆಗಬಹುದಿತ್ತು. ಅಳಿಯನೆಂದು ತಿಳಿದು ನಾನು ಇಲ್ಲದ ಮಗಳೊಬ್ಬಳನ್ನು ವಂಶವೃಕ್ಷಕ್ಕೆ ಸೇರಿಸಿದ್ದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ತಂದೆ 1661ರ ಜೂನ್‌ನಲ್ಲಿ ತೀರಿಕೊಂಡರೆಂದೂ ಮಗುವಿನ ದೀಕ್ಷಾಸ್ನಾನ ಅದೇ ವರ್ಷದ ಜನವರಿಯಲ್ಲಾಯಿತೆಂದೂ ಬರೆದುಕೊಂಡಿದ್ದೇನೆ. ಹಾಗಾದರೆ ಆ ಮಗು ಹುಟ್ಟಿದಾಗ ತಂದೆ ಬದುಕಿರಲಿಲ್ಲ.